ಬಾಗಿಲ ಹಿಂದಿನ ಏಣಿ

"ಬಲ್ಬ್ ಬದಲಾಯಿಸೋಕೆಲ್ಲ ಇನ್ಮೇಲೆ ಬರೋಕಾಗಲ್ಲ ಟೀಚರಮ್ಮ. ದೊಡ್ಡ ಕಟ್ಟಡದ ಕೆಲಸ ಹಿಡಿದಿದ್ದೀನಿ. ತಪ್ಪು ತಿಳ್ಕೋಬೇಡಿ," ಎಂದ ಎಲೆಕ್ಟ್ರಿಷಿಯನ್. ಕೋಣೆಯ ಬಲ್ಬ್ ಹೋಗಿದೆಯೆಂದು ಅವರು ಕರೆಸಿದ್ದರು; ದಾರಿಯುದ್ದಕ್ಕೂ ಉರು ಹೊಡೆದುಕೊಂಡು ಬಂದಿದ್ದ ಮಾತು ಅದು.

ಟೀಚರಮ್ಮ ನಕ್ಕರು. "ಬೆಳೀಬೇಕಪ್ಪ, ತಪ್ಪೇನು? ಹಾಗಾದ್ರೆ ಬಾಗಿಲ ಹಿಂದಿರೋ ಏಣಿ ತಗೊಂಡ್ಹೋಗು."

"ಅದು ನಿಮ್ಮದಲ್ವಾ?"

"ನನ್ನ ಮಂಡಿ ಏಣಿ ಹತ್ತೋ ಮಂಡಿನಾ? ಮೊದಲ್ನೇ ಸಲ ಬಂದಾಗ ಕುರ್ಚಿ ಮೇಲೆ ಸ್ಟೂಲ್ ಇಟ್ಟು ಹತ್ತಿದ್ಯಲ್ಲೋ ಕುಳ್ಳ! ಬಿದ್ದು ಸೊಂಟ ಮುರ್ಕೋತೀಯ ಅಂತ ಮಾರನೇ ದಿನವೇ ತಂದಿಟ್ಟೆ."

ಅವರು ಹರಸುತ್ತಿದ್ದಾರೋ ಚುಚ್ಚುತ್ತಿದ್ದಾರೋ ಅವನಿಗೆ ತಿಳಿಯಲಿಲ್ಲ. ಬೇಡವೆನ್ನಲೂ ಆಗದೆ ಏಣಿಯನ್ನು ಹೆಗಲಿಗೇರಿಸಿಕೊಂಡು ಗೇಟಿನವರೆಗೆ ಬಂದ. ಅವನು ಬಲ್ಬ್ ಬದಲಾಯಿಸದೆ ಬಿಟ್ಟು ಬಂದಿದ್ದ ಕೋಣೆಯಲ್ಲಿ ಕುರ್ಚಿ ಎಳೆದ ಸದ್ದಾಯಿತು. ಕೂರುವುದಕ್ಕೋ, ಹತ್ತುವುದಕ್ಕೋ? ಏಣಿ ಹೊತ್ತುಕೊಂಡೇ ಅವನು ಕಿವಿಗೊಟ್ಟು ನಿಂತ.