ಕಾಣೆಯಾದ ಪ್ರೋಟಾನುಗಳು

ಉಪನ್ಯಾಸಕ್ಕೆ ಇನ್ನೇನು ಅರ್ಧ ಗಂಟೆ ಇದೆ ಎನ್ನುವಾಗ ಕೊಡಲಿ ಮೇಷ್ಟ್ರು ಅವಳ ಕೋಣೆಯ ಬಾಗಿಲು ತಟ್ಟಿದರು. ಪ್ರಯೋಗದಲ್ಲಿ ಕಣಗಳನ್ನು ಎಣಿಸುವ ಡಿಟೆಕ್ಟರ್ ನೋಡಿಕೊಳ್ಳುವ ಈ ಹಿರಿಯರು ಸಭೆಯಲ್ಲಿ ಎದ್ದು ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದರು. ಅಷ್ಟಕ್ಕೇ ಎಂಥೆಂಥ ಸಿದ್ಧಾಂತಗಳು ಬುಡಸಮೇತ ಮಲಗಿದ್ದವು. ಆ ಹೆಸರು ಸುಮ್ಮನೆ ಬಂದದ್ದಲ್ಲ.

ಎರಡು ಭಾರದ ಪರಮಾಣು ಬೀಜಗಳು ಬೆಳಕಿನ ವೇಗಕ್ಕೆ ಹತ್ತಿರವಾಗಿ ಓಡಿ ಡಿಕ್ಕಿ ಹೊಡೆದಾಗ, ಸೂರ್ಯನ ಒಡಲೂ ತಣ್ಣಗೆನ್ನಿಸುವಷ್ಟು ಬಿಸಿಯಾದ, ಒತ್ತೊತ್ತಾದ ದ್ರವವೊಂದು ಹುಟ್ಟಿ ಹುಟ್ಟಿದಲ್ಲೇ ಆರಿಹೋಗುತ್ತದೆ. ಅದನ್ನು ಕಂಪ್ಯೂಟರಿನಲ್ಲಿ ಹರಿಸಿ ನೋಡುವುದು ಅವಳ ಕೆಲಸ. ಅವಳ ಲೆಕ್ಕದ ಪ್ರಕಾರ ಹೊರಬರಬೇಕಾದಷ್ಟು ಪ್ರೋಟಾನುಗಳು ಪ್ರಯೋಗದಲ್ಲಿ ಸಿಗುತ್ತಿರಲಿಲ್ಲ. ಆ ಬೇಗೆಯೇ ಅವನ್ನು ನುಂಗುತ್ತಿದೆ ಎಂಬುದು ಅವಳ ಹೊಸ ವಾದ. ಇವತ್ತು ಸಭೆ ಒಪ್ಪಿದರೆ ನೌಕರಿ ಇನ್ನೆರಡು ವರ್ಷ ಉಳಿಯುತ್ತಿತ್ತು, ಇಲ್ಲವಾದರೆ ಈ ತಿಂಗಳಿಗೆ ಗಂಟುಮೂಟೆ ಕಟ್ಟಬೇಕಿತ್ತು. "ಗೆದ್ದು ಬಾರೇ" ಎಂದು ಬೆಳಿಗ್ಗೆಯಷ್ಟೇ ಅಕ್ಕ ಫೋನು ಮಾಡಿದ್ದಳು.

"ಒಂದು ಮಾತು ಕೇಳ್ಬೇಕಿತ್ತಮ್ಮ. ಲ್ಯಾಂಬ್ಡಾ ಕಣ ದಾರೀಲಿ ಒಡೆದು ಕೊಡೋ ಪ್ರೋಟಾನುಗಳು, ಅವನ್ನೂ ಸೇರಿಸಿದೀಯಾ?"

"ಎಲ್ಲಾನೂ ಸೇರಿಸಿದೀನಿ ಸರ್. ಒಂದನ್ನೂ ಬಿಟ್ಟಿಲ್ಲ."

"ನಾವು ಅವನ್ನ ಕಳೆದೇ ಅಂಕಿ ಕೊಡೋದು." ಮೇಷ್ಟ್ರು ಕುರ್ಚಿ ಎಳೆದುಕೊಂಡರು. "ಮದುವೆ ಮನೆಯಿಂದ ಹೊರಟವರನ್ನ ನಾವು ಎಣಿಸಿದ್ವಿ. ನೀನು ದಾರೀಲಿ ಹುಟ್ಟಿದ ಕೂಸುಗಳನ್ನೂ ಸೇರಿಸ್ಕೊಂಡು, ನಮ್ಮ ಲೆಕ್ಕದಲ್ಲಿ ಜನ ಕಮ್ಮಿ ಅಂತೀಯಲ್ಲೇ ತಾಯಿ!"

ಅವಳಿಗೆ ನಗು ಬರುವ ಹೊತ್ತು ಅದಾಗಿರಲಿಲ್ಲ. ಆ ಕೂಸುಗಳನ್ನು ಲೆಕ್ಕದಿಂದ ತೆಗೆದಳು. ಪರದೆಯ ಮೇಲಿನ ಕೆಂಪು ಗೆರೆ ಕೆಳಗಿಳಿದು ಪ್ರಯೋಗದ ಚುಕ್ಕಿಗಳ ಮೇಲೆ ನೆಟ್ಟಗೆ ಕೂತಿತು. ಒಂದು ಪ್ರೋಟಾನೂ ಎಲ್ಲಿಗೂ ಹೋಗಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬಂದಿರಲಿಲ್ಲ, ಅಷ್ಟೇ.

"ಇದನ್ನ ಸಭೇಲೇ ಕೇಳಬಹುದಿತ್ತಲ್ಲ ಸರ್?"

"ಅಲ್ಲಿ ಕೇಳಿದ್ರೆ ನೀನು ನನ್ನ ಜೊತೆ ವಾದಕ್ಕೆ ನಿಲ್ತಿದ್ದೆ. ಇಲ್ಲಿ ಲೆಕ್ಕ ನೋಡಿದೆ." ಮೇಷ್ಟ್ರು ಎದ್ದರು. "ನನ್ನ ಹೆಸರು ಮಾತ್ರ ಎತ್ತಬೇಡ. ಈ ವಯಸ್ಸಲ್ಲಿ ಒಳ್ಳೆಯವನು ಅನ್ನಿಸ್ಕೊಂಡರೆ ನಾಳೆಯಿಂದ ಯಾರೂ ಹೆದರಲ್ಲ."

ಸಭೆಯಲ್ಲಿ ಅವಳು ಹಳೆಯ ಗೆರೆ ತೋರಿಸಿದಳು, ಹೊಸ ಗೆರೆ ತೋರಿಸಿದಳು, ತಪ್ಪು ಎಲ್ಲಾಯಿತೆಂದು ಬಿಡಿಸಿ ಹೇಳಿದಳು. ಹೇಳುತ್ತಿದ್ದಂತೆ ಮನಸ್ಸು ಹಗುರಾಗುತ್ತ ಬಂತು. ಈ ಸುಳ್ಳು ಅಚ್ಚಾಗಿ ಹೋಗಿದ್ದರೆ ಅದರ ಮೇಲೆ ಇನ್ನೆಷ್ಟು ಜನ ಮನೆ ಕಟ್ಟುತ್ತಿದ್ದರೋ! ದೊಡ್ಡ ಗಂಡಾಂತರ ತಪ್ಪಿಸಿದರು ಪುಣ್ಯಾತ್ಮರು ಎಂದುಕೊಂಡಳು.

ಸಂಸ್ಥೆಯ ಮುಖ್ಯಸ್ಥೆ ಕನ್ನಡಕ ತೆಗೆದರು. "ಹೊಸದೇನೂ ಸಿಗಲಿಲ್ಲ, ಇರಲಿ. ತನ್ನ ತಪ್ಪನ್ನ ತಾನೇ ಹಿಡಿಯೋ ಜನ ನಮಗೆ ಬೇಕು. ಅಂಥವರನ್ನ ನಾವು ಕಳಕೊಳ್ಳಲ್ಲ. ಇದನ್ನ ನೀವೇ ಹಿಡಿದಿದ್ದು ತಾನೆ?"

'ಹೂಂ' ಎಂಬುದು ಅವಳ ನಾಲಿಗೆಯ ತುದಿಗೇ ಬಂದಿತ್ತು. ಎರಡು ವರ್ಷದ ಅನ್ನ ಅದರಲ್ಲಿತ್ತು.

"ಅಲ್ಲ ಮೇಡಂ. ಹಿಡಿದವರು ಅದೋ, ಕೊನೇ ಸಾಲಲ್ಲಿ ಕೂತಿದ್ದಾರಲ್ಲ, ಅವರು. ನನ್ನ ಮರ್ಯಾದೆ ಉಳೀಲಿ ಅಂತ ಕೋಣೆಗೇ ಬಂದು ಹೇಳಿದ್ರು. ಅವರ ಉಪಕಾರ ನಾನು ಇರೋವರೆಗೂ ಮರೆಯಲ್ಲ."

ಇಡೀ ಸಭೆ ಹಿಂದಕ್ಕೆ ತಿರುಗಿತು. ಕೊಡಲಿ ಮೇಷ್ಟ್ರೂ ತಿರುಗಿ, ತಮ್ಮ ಹಿಂದೆ ಯಾರಿದ್ದಾರೆಂದು ನೋಡಿದರು. ಗೋಡೆಯಿತ್ತು.