ನಾಲ್ಕು ನಿಮಿಷ

ಆಂಬುಲೆನ್ಸ್ ಕೇಂದ್ರದಲ್ಲಿ ಫೋನೆತ್ತುವ ಯಮುನಾ, ಆ ಮಧ್ಯಾಹ್ನ ಬಂದ ದನಿಯನ್ನು ಮೊದಲ ಮಾತಿಗೇ ಗುರುತಿಸಿದಳು. 'ಫೋನ್ ಫಜೀತಿ'ಯ ಚಕ್ರಿ!

ಅಮಾಯಕರಿಗೆ ಸುಳ್ಳು ಫೋನ್ ಮಾಡಿ ಅಳಿಸಿ, ಅದನ್ನು ರೇಡಿಯೋದಲ್ಲಿ ಹಾಕಿ ಊರನ್ನೆಲ್ಲ ನಗಿಸುವವನು. ದೂರುಗಳು ಬಂದು ಎರಡು ಸಲ ಅವನ ಕಾರ್ಯಕ್ರಮ ನಿಂತಿತ್ತು. ಎರಡು ಸಲವೂ ಮೊದಲಿಗಿಂತ ದೊಡ್ಡ ಸ್ಟಾರ್ ಆಗಿ ಮರಳಿದ್ದ. "ನಿಮ್ಮ ಮಗಳು ಆಕ್ಸಿಡೆಂಟಲ್ಲಿ ಹೋಗ್ಬಿಟ್ಳು" ಎಂದು ಯಮುನಾಳ ಅಪ್ಪನನ್ನು ಅವನು ಅಳಿಸಿದ್ದು ಹೋದ ವರ್ಷ. ಆ ನಾಲ್ಕು ನಿಮಿಷದ ಅಳುವನ್ನು ಊರೆಲ್ಲ ಕೇಳಿ ನಕ್ಕಿತ್ತು. ಅಪ್ಪ ಮತ್ತೆ ಫೋನು ಮುಟ್ಟಿರಲಿಲ್ಲ.

"ಮೇಡಂ, ಅಮ್ಮ ಎದೆ ಹಿಡ್ಕೊಂಡು ಬಿದ್ಬಿಟ್ಟಿದ್ದಾರೆ! ಬೇಗ ಗಾಡಿ ಕಳಿಸಿ!"

ಅವನು ಹೇಳಿದ ವಿಳಾಸವನ್ನು ಯಮುನಾ ಕಂಪ್ಯೂಟರಿನಲ್ಲಿ ಬರೆದುಕೊಂಡಳು.

"ಚಕ್ರಿ ಸಾರ್ ಅಲ್ವಾ? ಇವತ್ತು ನಾನಾ ಬಕ್ರಾ?"

"ಪ್ರೋಗ್ರಾಂ ಅಲ್ಲ ಮೇಡಂ, ದೇವರಾಣೆಗೂ ನಿಜ!"

"ನಮ್ಮಪ್ಪನಿಗೂ ದೇವರಾಣೆ ಅಂತಾನೇ ಹೇಳಿದ್ರಿ."

ಅತ್ತ ಕಡೆ ಅವನು ಬಿಕ್ಕಿ ಬಿಕ್ಕಿ ಅಳತೊಡಗಿದ.

"ಚೆನ್ನಾಗಿ ಅಳ್ತೀರ ಸಾರ್. ಆದ್ರೆ ನಮ್ಮಪ್ಪ ಇದಕ್ಕಿಂತ ಜೋರಾಗಿ ಅತ್ತಿದ್ರು."

"ನಿನ್ನ ಕಾಲಿಗೆ ಬೀಳ್ತೀನಿ ಕಣಮ್ಮ, ನಮ್ಮಮ್ಮನ್ನ ಉಳಿಸು!"

ಯಮುನಾ ಗೋಡೆ ಗಡಿಯಾರ ನೋಡುತ್ತ ಅವನ ಅಳು ಕೇಳುತ್ತಾ ಕೂತಳು. ನಾಲ್ಕನೇ ನಿಮಿಷ ಮುಗಿಯುವ ಹೊತ್ತಿಗೆ ಅವನ ಮನೆಯ ಬಾಗಿಲನ್ನು ಯಾರೋ ದಬದಬ ಬಡಿದದ್ದು ಅವಳಿಗೂ ಕೇಳಿಸಿತು.

"ಬಾಗಿಲು ತೆಗೀರಿ ಸಾರ್," ಎಂದಳು. "ನೀವು ವಿಳಾಸ ಹೇಳಿದ ಕೂಡ್ಲೇ ಗಾಡಿ ಕಳಿಸಿದ್ದೆ."