ರೋಗವಿಲ್ಲದ ಆರು ಗಿಡ

“ಎಡಗಡೆ ಕೋಣೆಗೆ ನೀವು ಕಾಲೇ ಇಟ್ಟಿಲ್ಲ. ಹನ್ನೆರಡೂ ಕೊಳವೆಗೆ ಒಂದೇ ಕಡೆ ಗಾಳಿ ತುಂಬಿಸಿದ್ದೀರಿ. ಒಪ್ಕೊಂಡುಬಿಡಿ!” ಸಂಶೋಧಕಿ ಕಾಗದವನ್ನು ಮೇಜಿಗೆ ಬಡಿದಳು.

ಗಾಜಿನ ಮನೆಯ ಸಹಾಯಕ ಕನ್ನಡಕ ಏರಿಸಿಕೊಂಡು ಕಾಗದ ನೋಡಿದ. ಅವನ ತಲೆ ನೆರೆತದ್ದೇ ಅಲ್ಲಿಯ ಹೂಕುಂಡಗಳ ನಡುವೆ. ಎಲ್ಲರ ಬಾಯಲ್ಲೂ ಅವನು ಕುಂಡಪ್ಪ. “ಇಲ್ಲ ಮೇಡಂ, ಆರು ಅಲ್ಲಿ, ಆರು ಇಲ್ಲಿ. ನಾನೇ ನಿಂತು ಹಿಡಿದಿದ್ದು.”

“ಹಾಗಾದ್ರೆ ಇದೇನು?”

ಬೂದಿರೋಗದ ಬೂಷ್ಟು ತಗುಲಿದರೆ ಸೌತೆ ಗಿಡದ ವಾಸನೆಯೇ ಬದಲಾಗುತ್ತದೆ ಎಂದು ತೋರಿಸಲು ಅವಳು ಮೂರು ವರ್ಷದಿಂದ ಒದ್ದಾಡುತ್ತಿದ್ದಳು. ಮನುಷ್ಯರ ಮೂಗಿಗೆ ನಿಲುಕುವ ವಾಸನೆಯಲ್ಲ ಅದು. ಗಿಡಕ್ಕೆ ಚೀಲ ಮುಚ್ಚಿ, ಒಳಗಿನ ಗಾಳಿಯನ್ನು ಕೊಳವೆಗೆ ಎಳೆದು ಯಂತ್ರಕ್ಕೆ ಕೊಟ್ಟರೆ, ಒಂದೊಂದು ರಾಸಾಯನಿಕಕ್ಕೆ ಒಂದೊಂದು ಗೆರೆ ಏಳುತ್ತದೆ. ಬಲಗಡೆ ಕೋಣೆಯ ಆರು ರೋಗಿಷ್ಟ ಗಿಡಗಳಲ್ಲಿ ಹೊಸ ಗೆರೆಯೊಂದು ಎದ್ದಾಗ ಅವಳಿಗೆ ಕುಣಿಯುವಷ್ಟು ಖುಷಿಯಾಗಿತ್ತು. ಎಡಗಡೆಯ ಆರು ಗಟ್ಟಿಮುಟ್ಟು ಗಿಡಗಳಲ್ಲೂ ಅದೇ ಗೆರೆ! ಯಂತ್ರ ತೊಳೆದಳು, ಖಾಲಿ ಗಾಳಿ ಕೊಟ್ಟು ಪರೀಕ್ಷಿಸಿದಳು. ಯಂತ್ರದಲ್ಲಿ ತಪ್ಪಿರಲಿಲ್ಲ. ಉಳಿದವನು ಕುಂಡಪ್ಪ ಒಬ್ಬನೇ.

“ಎಡಗಡೆಯವಕ್ಕೂ ರೋಗ ಹತ್ತಿರಬಹುದಲ್ವಾ, ಮೇಡಂ?”

ಅವಳ ಮೈ ಉರಿದುಹೋಯಿತು. “ಕಣ್ಣು ಕಾಣಿಸುತ್ತಾ ನಿಮಗೆ? ಒಂದಾದ್ರೂ ಎಲೆ ಮೇಲೆ ಚುಕ್ಕೆ ಇದೆಯಾ?”

“ಇಲ್ಲ. ಆದ್ರೂ ಇನ್ನೊಂದು ಸಲ ನೀವೇ ಗಾಳಿ ಹಿಡಿದು ನೋಡಿ.”

“ನಾಡಿದ್ದು ವರದಿ ಕೊಡಬೇಕು ಕಣ್ರೀ! ನೀವು ಕೆಡಿಸಿದ್ದನ್ನ ಮತ್ತೆ ಮೊದಲಿಂದ ಮಾಡ್ತಾ ಕೂರೋಕೆ ನನಗೆ ಬೇರೆ ಕೆಲಸ ಇಲ್ವಾ?”

ಅವತ್ತೇ ಅವಳು ನಿರ್ದೇಶಕರಿಗೆ ಪತ್ರ ಬರೆದಳು. ಮರುದಿನ ಕುಂಡಪ್ಪ ಗಾಜಿನ ಮನೆಯ ಬೀಗದ ಕೈ ಒಪ್ಪಿಸಿ, ಹಳೇ ಸಾಮಾನಿನ ಕೋಣೆಯಲ್ಲಿ ಮುರುಕು ಕುರ್ಚಿಗಳಿಗೆ ನಂಬರು ಬರೆಯಲು ಕೂತ. ಎಡಗಡೆಯ ಆರು ಗಿಡಗಳ ಲೆಕ್ಕವನ್ನು ಕೈಬಿಟ್ಟು ಅವಳು ಹೇಗೋ ವರದಿ ಮುಗಿಸಿದಳು.

ಐದನೇ ದಿನ ಗಿಡಗಳನ್ನು ಕಿತ್ತೆಸೆಯೋಣವೆಂದು ಎಡಗಡೆಯ ಕೋಣೆಗೆ ಹೋದವಳು ಬಾಗಿಲಲ್ಲೇ ನಿಂತುಬಿಟ್ಟಳು. ಹಿಟ್ಟು ಉದುರಿಸಿದ ಹಾಗೆ ಎಲೆಗಳ ಮೇಲೆ ಬಿಳಿ ಚುಕ್ಕೆಗಳು. ಆರರಲ್ಲೂ. ಮೊದಲು ಖುಷಿ ಉಕ್ಕಿತು. ಆಮೇಲೆ ಕುಂಡಪ್ಪನ ಮುಖ ನೆನಪಾಯಿತು.

ಅವಳು ಏದುಸಿರು ಬಿಡುತ್ತ ಹಳೇ ಸಾಮಾನಿನ ಕೋಣೆಗೆ ಬಂದಳು. “ತಪ್ಪು ನನ್ನದು, ಕುಂಡಪ್ಪನವರೇ. ಅವಕ್ಕೆ ಆಗಲೇ ರೋಗ ಹತ್ತಿತ್ತು! ನಮ್ಮ ಕಣ್ಣಿಗೆ ಕಾಣೋ ಐದು ದಿನ ಮೊದಲೇ ಗಿಡ ವಾಸನೆಯಲ್ಲಿ ಹೇಳಿಬಿಟ್ಟಿದೆ. ಎಷ್ಟು ದೊಡ್ಡ ವಿಷಯ ಗೊತ್ತಾ ಇದು? ನಾಳೆಯಿಂದ ವಾಪಸ್ ಬಂದುಬಿಡಿ, ನಿರ್ದೇಶಕರ ಹತ್ರ ನಾನೇ ಮಾತಾಡ್ತೀನಿ.”

“ಬರ್ತೀನಿ ಮೇಡಂ.” ಅವನು ಕುರ್ಚಿಯ ಕಾಲಿಗೆ ಬರೆಯುತ್ತಿದ್ದ ನಂಬರನ್ನು ಪೂರ್ತಿ ಮಾಡಿ ತಲೆಯೆತ್ತಿದ. “ಗಿಡಕ್ಕಾದ್ರೆ ಬಾಯಿಲ್ಲ, ಅದು ಹೇಳೋದು ತಿಳಿಯೋಕೆ ಅಷ್ಟು ದೊಡ್ಡ ಯಂತ್ರ ಬೇಕು. ನಾನು ಬಾಯಿಬಿಟ್ಟೇ ಹೇಳಿದ್ನಲ್ಲ, ಮೇಡಂ?”